ಹೆಸರಿಲ್ಲದ ಪೊಟ್ಟಣ ಕಾರವಾರದಿಂದ ವಾಪಸ್ ಬಂದದ್ದು

ನಿಮ್ಗೂ ಹಿಂಗೆ ಆಗಿತ್ತಾ? ಇಂಟರ್ನೆಟ್ಟಲ್ಲಿ ಹೆಸರು ಮುಚ್ಚಿಟ್ಕೊಂಡು ಕೂತ್ರೆ ನಾವು ಯಾರಂತ ದೇವ್ರಿಗೂ ಗೊತ್ತಾಗುದಿಲ್ಲ ಅಂತ ಯಾವಾಗಾದ್ರೂ ನಂಬಿದ್ರಾ? ನಂಬಿ, ಹೊರಗೆ ಬಂದು ಬಸ್ ಹತ್ತಿದ ಕೂಡ್ಲೆ ಕಂಡಕ್ಟರ್ "ಹೋಯ್, ನೀ ತದಡಿಯವ ಅಲ್ದಾ? ಅಪ್ಪನ ಹಾಗೇ ನಡ್ಗೆ ನಿಂದು" ಅಂದದ್ದು ಉಂಟಾ? ನಮ್ಮನೇಲಿ ಆಗಿತ್ತು. ಅಣ್ಣ ಜೈಲಲ್ಲಿ ಕೂರುದೊಂದು ಬಾಕಿ ಇತ್ತು. ಹೇಳ್ತೆ ಕೇಳಿ. ಸ್ವಲ್ಪ ಉದ್ದ ಉಂಟು, ಚಾ ಹಿಡ್ಕೊಂಡೇ ಕೂತ್ಕಳಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕುಮಟಾ ಬಸ್‌ಸ್ಟ್ಯಾಂಡ್ ಹತ್ರ ಒಂದು ಸೈಬರ್ ಸೆಂಟರಲ್ಲಿ ನಾನು ಕೌಂಟರ್ ನೋಡ್ಕೊಳ್ತಿದ್ದೆ. ಸೆಂಟರ್ ಅಂದ್ರೆ ಎಂತ ದೊಡ್ಡದಲ್ಲ. ಪ್ಲೈವುಡ್ ಹೊಡೆದು ಮಾಡಿದ ನಾಲ್ಕಾರು ಗೂಡು, ಒಂದೊಂದಕ್ಕೂ ಮಾಲಕರ ಹೆಂಡ್ತಿ ಹಳೇ ಸೀರೆಯ ಪರದೆ. ಚಪ್ಪಲಿ ಹೊರಗೆ ಬಿಡ್ಬೇಕು, ದೇವಸ್ಥಾನದ ಹಾಗೆ. ಬೆಳಿಗ್ಗೆ ಬಂದು ಕಂಪ್ಯೂಟರ್‌ಗಳಿಗೆಲ್ಲ ಊದಿನಕಡ್ಡಿ ತೋರ್ಸುದು ನನ್ನ ಮೊದಲ ಕೆಲಸ. ಕರೆಂಟ್ ಹೋದ್ರೆ ಯುಪಿಎಸ್ಸು ಹಸಿದ ಕಾಗೆ ಹಾಗೆ ಕೂಗ್ತಿತ್ತು.

ಆ ಪರದೆ ಒಳಗೆ ಹೋದ್ರೆ ಯಾರಿಗೂ ಸ್ವಂತ ಹೆಸರಿಲ್ಲ. ಎಲ್ಲ ಮುಂಬೈಯವ್ರು, ದುಬೈಯವ್ರು, ಡಾಕ್ಟ್ರು, ಪೈಲಟ್ಟು. ಹೊನ್ನಾವರದಿಂದ ಬರ್ತಿದ್ದ ಒಬ್ಬ ಕಾಲೇಜು ಹುಡುಗ ಲಂಡನ್ನಿನ ಒಬ್ಳ ಹತ್ರ ಎಷ್ಟೋ ದಿನದಿಂದ ಚಾಟ್ ಮಾಡ್ತಿದ್ದ. ಒಂದಿನ ಕರೆಂಟ್ ಹೋತು, ಯುಪಿಎಸ್ಸೂ ಕೈಕೊಡ್ತು. ಕತ್ಲೆ. ಪಕ್ಕದ ಗೂಡಿಂದ ಒಬ್ಬ ಗಂಡ್ಸು, "ಅಯ್ಯೋ ಹಾಳಾಗಿ ಹೋಗ್ಲಿ, ಅವ ಈಗಷ್ಟೇ ಐ ಲವ್ ಯೂ ಹೇಳಿದ್ನಲ್ಲಾ!" ಅಂತ ಕೂಗಿ ನಗಾಡ್ದ. ಲಂಡನ್ನು ಪ್ಲೈವುಡ್ಡಿನ ಆಚೆ ಇತ್ತು! ಇಬ್ರೂ ಕಾಲರ್ ಹಿಡ್ಕೊಂಡ್ರು. ಮತ್ತೆ ಹೊನ್ನಾವರಕ್ಕೆ ಹೋಗುದು ಒಂದೇ ಬಸ್ಸಲ್ಲಿ ಅಲ್ದಾ, ಒಂದೇ ಸೀಟಲ್ಲಿ ಕೂತು ಹೋದ್ರು.

ಗುರುತಿನ ಚೀಟಿ ನೋಡಿಯೇ ಒಳಗೆ ಬಿಡ್ಬೇಕು ಅನ್ನುವ ಶಿಸ್ತೆಲ್ಲ ನಮ್ಮಲ್ಲಿಗೆ ಆಮೇಲೆ ಬಂತು. ಆಗ ಮಾಲಕರು, "ನಂಗೆಂತಕ್ಕೆ ಚೀಟಿ? ಇವ್ರ ಅಮ್ಮಂದಿರ ಗುರ್ತು ಉಂಟಲ್ಲ" ಅಂತಿದ್ರು.

ಇನ್ನೊಂದು ವಿಷ್ಯ ಹೇಳ್ದೆ ಇದ್ರೆ ಕತೆ ಅರ್ಥ ಆಗುದಿಲ್ಲ. ನಮ್ಮ ಕಡೆ ಬಸ್ಸಲ್ಲಿ ಪೊಟ್ಟಣ ಕಳ್ಸುದು. ಶಿರಾಲಿಯಲ್ಲಿ ನನ್ನ ಚಿಕ್ಕಮ್ಮ ಇದ್ಲು. ಮಲ್ಲಿಗೆ ಸಮಯದಲ್ಲಿ ಬಾಳೆಲೆಯಲ್ಲಿ ದಂಡೆ ಸುತ್ತಿ, ಬಾಳೆನಾರಲ್ಲಿ ಕಟ್ಟಿ, ಭಟ್ಕಳದಿಂದ ಕಾರವಾರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕೊಡ್ತಿದ್ಲು. ಮೇಲೆ ಹೆಸರಿಲ್ಲ, ವಿಳಾಸ ಇಲ್ಲ. "ಕುಮಟೆಯಲ್ಲಿ ಕಂಪ್ಯೂಟರ್ ಅಂಗ್ಡಿ ಹುಡ್ಗಿಗೆ" ಅಂದ್ರೆ ಆತು. ಹೂ ಬಾಡಬಾರ್ದು ಅಂತ ಅವ ಕಿಟಕಿ ಹತ್ರ ಇಟ್ಕೊಂಡು ತರ್ತಿದ್ದ. ನಾ ರಜೆ ಹಾಕಿದ್ರೆ ಚಾ ಅಂಗಡಿಯ ನೀರಿನ ಕೊಡದ ಮೇಲೆ ಇಟ್ಟು ಹೋಗುದು. ಆ ಬಸ್ಸಲ್ಲಿ ಮರ್ತುಬಿಟ್ಟ ಕನ್ನಡ್ಕ ಹೋಗ್ತಿತ್ತು, ಬಾಣಂತಿ ಕಷಾಯದ ಬೇರು ಹೋಗ್ತಿತ್ತು. ಒಂದ್ಸಲ ಯಾರದ್ದೋ ಅಜ್ಜನ ಹಲ್ಲಿನ ಸೆಟ್ಟು ಹೋದದ್ದು ನಾನೇ ನೋಡಿದ್ದೆ. ಯಾವುದಕ್ಕೂ ಹೆಸರು ಬರೀತಿರ್ಲಿಲ್ಲ. ಎಲ್ಲರಿಗೂ ಗೊತ್ತಿರುವಾಗ ಹೆಸರು ಎಂತಕ್ಕೆ?

ಈಗ ಅಣ್ಣ. ತದಡಿ ಬಂದರಲ್ಲಿ ಒಂದು ಟ್ರಾಲ್ ಬೋಟಲ್ಲಿ ಖಲಾಸಿ ಅವ. ಬಲೆ ಎಳಿಯುದು, ಮೀನು ಆರ್ಸುದು. ಅತ್ತಿಗೆ ಮೀನು ಒಣಗ್ಸಿ ಕುಮಟಾ ಪೇಟೆಗೆ ತಂದು ಮಾರ್ತಿದ್ಲು. ಆ ವರ್ಷ ಬೋಟಿನ ಮಾಲಕರು ಅವನಿಗೆ ಮಾತು ಕೊಟ್ಟಿದ್ರು, "ಮಳೆಗಾಲ ಮುಗ್ದು ಬೋಟು ಇಳಿಯುವಾಗ ನೀನೇ ತಾಂಡೇಲ." ತಾಂಡೇಲ ಅಂದ್ರೆ ಬೋಟು ನಡೆಸುವವ. ಚುಕ್ಕಾಣಿ ಅವನ ಕೈಲಿ, ಉಳಿದವ್ರೆಲ್ಲ ಅವನ ಮಾತು ಕೇಳ್ಬೇಕು. ನಮ್ಮಪ್ಪ ಸಾಯುವ ತನಕ ಖಲಾಸಿಯೇ. ಹಾಗಾಗಿ ಅದು ಅಣ್ಣನೊಬ್ಬನ ಆಸೆ ಅಲ್ಲ, ಮನೆಯ ಆಸೆ. ಮಾಲಕರದ್ದು ಒಂದೇ ಕರಾರು. "ಪೋಲೀಸು, ಕೋರ್ಟು ಅಂತ ನನ್ನ ಬೋಟಿನ ಹತ್ರ ಯಾರೂ ಬರ್ಬಾರ್ದು."

ಮೇ ತಿಂಗಳು, ಮೀನುಗಾರಿಕೆ ಬಂದ್ ಆಗುಕೆ ಸ್ವಲ್ಪ ಮುಂಚೆ ಅಣ್ಣ ನನ್ನ ಸೆಂಟರಿಗೆ ಬಂದ. ತಲೆಗೆ ಎಣ್ಣೆ ಹಾಕಿ ಬಾಚಿದ್ದ. ನಂಗೆ ಆಗ್ಲೇ ಅನುಮಾನ.

"ತಂಗೀ, ಹೆಸರು ಹಾಕ್ದೆ ಒಂದು ಈಮೇಲ್ ಮಾಡುಕೆ ಬರ್ತದಾ?"

"ಎಂತಕ್ಕೆ?"

"ಒಣಮೀನು ವ್ಯಾಪಾರಕ್ಕೆ. ಬಂದರಲ್ಲಿ ಒಬ್ಬ ಹೇಳ್ದ. ಎಂತ ಬೇಕಾದ್ರೂ ಮಾರುವ ವೆಬ್‌ಸೈಟು ಉಂಟಂತೆ. ಪರದೇಶದವ್ರು ತಕೊಳ್ತಾರಂತೆ."

"ಅದಕ್ಕೆ ಹೆಸರು ಹಾಕಿದ್ರೆ ಎಂತ ಆಗ್ತದೆ?"

"ಅಲ್ಲಿ ಯಾರೂ ಹಾಕುದಿಲ್ವಂತೆ ಮಾರಾಯ್ತಿ. ಅದು ಅಲ್ಲಿಯ ಪದ್ಧತಿ."

ಮಾಡ್ಕೊಟ್ಟೆ. ಒಳಗೆ ಹೋಗಿ ಪರದೆ ಎಳ್ಕೊಂಡು ಬಂದರಿನವ ಇಂಗ್ಲಿಷಲ್ಲಿ ಬರ್ದುಕೊಟ್ಟ ಚೀಟಿ ನೋಡಿ ಒಂದು ಬೆರಳಲ್ಲಿ ಟೈಪ್ ಮಾಡಿದ. ನಾಲ್ಕು ಸಾಲು ಬರಿಯುಕೆ ಮಧ್ಯಾಹ್ನ ಆತು. ಪ್ರತಿ ಅಕ್ಷರಕ್ಕೂ ಒಳಗಿಂದ "ಆರ್ ಎಲ್ಲಿ ಉಂಟೇ? ಎಮ್ ಎಲ್ಲಿ ಹೋತೇ?" ಅಂತ ಕೂಗುದು. ಇವನದ್ದು ಗುಪ್ತ ವ್ಯಾಪಾರ!

ಉತ್ತರ ಬಂತು. ಚಂದ ಇಂಗ್ಲಿಷು. ಅಣ್ಣನಿಗೆ ಓದುಕೆ ಬರ್ಲಿಲ್ಲ, ಮತ್ತೆ ನನ್ನ ಹತ್ರವೇ ಬಂದ. ಓದ್ದೆ. ಬರೆದವನಿಗೆ ಹೆಸರಿಲ್ಲ, ಊರಿಲ್ಲ, ಎರಡು ಅಕ್ಷರ, ಅದ್ರ ಹಿಂದೆ ಅಂಕಿ. "ಗೆಳೆಯಾ, ಒಣಗಿಸಿದ ಕಡಲ ಕುದುರೆ ಎಷ್ಟಿದ್ರೂ ಬೇಕು. ಮೊದಲು ಸ್ವಲ್ಪ ಸ್ಯಾಂಪಲ್ ಕಳ್ಸು. ಅಂಚೆಯಲ್ಲಿ ಬೇಡ. ಒಣಮೀನಿನ ಮಧ್ಯ ಇಟ್ಟು ಬಸ್ಸಲ್ಲಿ ಕಾರವಾರಕ್ಕೆ ಕಳ್ಸು, ನಮ್ಮವ ಬಂದು ತಕೊಳ್ತಾನೆ. ಪೊಟ್ಟಣದ ಮೇಲೆ ಹೆಸರು ಬರಿಬೇಡ. ಫೋನ್ ಬೇಡ. ಇಲ್ಲಿ ನಮ್ಮನ್ನ ಯಾರೂ ಹುಡ್ಕುಕೆ ಆಗುದಿಲ್ಲ."

"ಕಡಲ ಕುದುರೆ ಅಂದ್ರೆ ಎಂತ ಅಣ್ಣಾ?"

"ಕುದುರೆ ಮೀನೇ. ಬೆರಳುದ್ದ ಇರ್ತದೆ ಅಲ್ದಾ, ಕುದುರೆ ಮುಖದ್ದು, ಬಾಲ ಸುತ್ತಿಕೊಂಡದ್ದು. ಬಲೆಗೆ ಬಂದು ಸಾಯ್ತದೆ, ನಾವು ಬಿಸಾಕುದು. ಇವನಿಗೆ ಔಷಧಿಗೆ ಬೇಕಂತೆ. ಒಳ್ಳೆ ರೇಟಂತೆ. ಮಳೆಗಾಲ ಮನೆ ನಡೀಬೇಕಲ್ಲ."

ಬಿಸಾಕುವ ಮೀನಿಗೆ ಇಷ್ಟು ಮುಚ್ಚುಮರೆ ಯಾಕೆ? ಅಣ್ಣ ಹೊರಗೆ ಚಾ ಕುಡಿಯುಕೆ ಹೋದಾಗ ನಾನೇ ನೆಟ್ಟಲ್ಲಿ ಹುಡುಕ್ದೆ. ಪುಟ ನಿಧಾನಕ್ಕೆ, ತಲೆಯಿಂದ ಕಾಲಿನ ತನಕ ಸೀರೆ ಬಿಚ್ಚಿದ ಹಾಗೆ ಬಂತು. ವನ್ಯಜೀವಿ ಕಾನೂನು. ಹಿಡಿಬಾರ್ದು, ಇಟ್ಕೊಳ್ಬಾರ್ದು, ಮಾರ್ಬಾರ್ದು. ಮೊದಲನೇ ಪಟ್ಟಿ. ಅದೇ ಪಟ್ಟಿಯಲ್ಲಿ ಹುಲಿ ಉಂಟು.

ಅಣ್ಣನ್ನ ಕರ್ದು ತೋರ್ಸಿದೆ. ಅವ ಮೊದಲು ನಕ್ಕ.

"ಹುಲಿಯಾ? ಹಾಗಾದ್ರೆ ನಾ ಇಷ್ಟು ದಿನ ಅಂಗಳದಲ್ಲಿ ಹುಲಿ ಒಣಗ್ಸಿದ್ದಾ?"

"ನಗಾಡ್ಬೇಡ. ಜೈಲು ಉಂಟು ಅಂತ ಬರ್ದದ್ದು ಇದು."

"ಹೆಸರೇ ಇಲ್ಲ ಅಲ್ಲನೇ. ಯಾರಿಗೆ ಗೊತ್ತಾಗ್ತದೆ?"

"ತಾಂಡೇಲ ಆಗುದು ಬೇಡ್ವಾ ನಿಂಗೆ?"

ಅಣ್ಣ ಹೆಬ್ಬೆರಳಿನ ಉಗುರು ಕೆರ್ಕೊಂಡು ಕೂತ. "ಆತು, ಬಿಡ್ತೆ" ಅಂದ. ನಾನೂ ನಂಬಿದೆ. ಅಣ್ಣ ಅಲ್ದಾ.

ಬಿಡ್ಲಿಲ್ಲ. ಮುಂದಿನ ವಾರ ಬೆಳಿಗ್ಗೆ ತಾರಿ ದೋಣಿಯಲ್ಲಿ ಹೊಳೆ ದಾಟಿ ಬಂದು, ನಂಗೆ ಮುಖ ತೋರ್ಸದೆ, ಬಸ್‌ಸ್ಟ್ಯಾಂಡಲ್ಲಿ ಕಾರವಾರದ ಬಸ್ಸಿಗೆ ಪೊಟ್ಟಣ ಕೊಟ್ಟು ಹೋಗಿದ್ದ. ಯಾವ ಬಸ್ಸು ಹೇಳಿ? ಚಿಕ್ಕಮ್ಮನ ಮಲ್ಲಿಗೆ ತರುವ ಅದೇ ಬಸ್ಸು, ಅದೇ ಕಂಡಕ್ಟರ್! ಹೆಸರಿಲ್ಲದ ಪೊಟ್ಟಣ ಕಳ್ಸು ಅಂತ ಅವ ಬರ್ದಿದ್ದ, ಹೆಸರಿಲ್ಲದ ಪೊಟ್ಟಣ ಕಳ್ಸುದು ನಮ್ಗೆ ಹುಟ್ಟಿನಿಂದ ಗೊತ್ತು. ಇದಕ್ಕಿಂತ ಸುಲಭ ಎಂತ ಉಂಟು ಅಂತ ಇವನ ಲೆಕ್ಕ. ಎರಡೂ ಒಂದೇ ಅಲ್ಲ ಅಂತ ನನ್ನ ಅಣ್ಣನಿಗೆ ಹೊಳೀಲೇ ಇಲ್ಲ.

ಸಂಜೆ ಸೆಂಟರಲ್ಲಿ ರಿಸಲ್ಟ್ ನೋಡುವವರ ಗದ್ದಲ. ಕೌಂಟರ್ ಪಕ್ಕದ ಕಂಪ್ಯೂಟರಲ್ಲಿ ಒಬ್ರು ಫಾರೆಸ್ಟ್ ಗಾರ್ಡು, ಖಾಕಿಯಲ್ಲೇ, ಮಗಳ ನಂಬರ್ ಚೀಟಿ ಹಿಡ್ಕೊಂಡು ಕೂತಿದ್ರು. ಪುಟ ತೆರೀತಾ ಇರ್ಲಿಲ್ಲ. ಆಗ ಬಂದ ಕಂಡಕ್ಟರ್, ಕಂಕುಳಲ್ಲಿ ಪೊಟ್ಟಣ. ಅವನದ್ದು ಟಿಕೆಟ್ ಟಿಕೆಟ್ ಅಂತ ಕೂಗಿ ಕೂಗಿ ತಯಾರಾದ ಗಂಟಲು.

"ತಂಗೀ, ನಿನ್ನ ಅಣ್ಣನ ಪೊಟ್ಟಣ ತಕೋ! ಕಾರವಾರದಲ್ಲಿ ಯಾರೂ ಬರ್ಲಿಲ್ಲ. ಸ್ಟ್ಯಾಂಡಿಡೀ ಕೇಳ್ದೆ, ತದಡಿ ಒಣಮೀನು ಯಾರದ್ದು, ತದಡಿ ಒಣಮೀನು ಯಾರದ್ದು ಅಂತ. ಒಬ್ಬ ಹತ್ರ ಬಂದ ಹಾಗೆ ಮಾಡ್ದ, ನಾ ಕೂಗಿದ ಕೂಡ್ಲೆ ಓಡ್ದ. ಎಂತ ಜನವೋ."

"ನನ್ನ ಅಣ್ಣಂದು ಅಂತ ಯಾರು ಹೇಳಿದ್ದು?"

"ಹೇಳುದೆಂತ? ಅವ ಹೆಸರು ಹೇಳ್ಲಿಲ್ಲ, ನಾ ಕೇಳ್ಲೂ ಇಲ್ಲ. ನಿನ್ನ ಮೂಗು, ಅವನ ಮೂಗು ಒಂದೇ ಅಚ್ಚು. ಮತ್ತೆ ಕಟ್ಟಿದ್ದು ಬಲೆ ನೂಲಲ್ಲಿ. ಇಟ್ಕೋ, ಬಸ್ಸಿಡೀ ನಾತ."

ಗಾರ್ಡು ತಿರುಗಿ ಮೂಗು ಎಳ್ಕೊಂಡ್ರು. "ಶೆಟ್ಲಿಯಾ?" ಶೆಟ್ಲಿ ಅಂದ್ರೆ ಸಿಗಡಿ, ಒಣಗಿದ ಸಣ್ಣದು ಅಂದ್ರೆ ನಮ್ಮ ಕಡೆಯವ್ರಿಗೆ ಜೀವ. "ತದಡಿದಾದ್ರೆ ಒಳ್ಳೇದಿರ್ತದೆ. ಬಿಚ್ಚು ನೋಡುವ, ನಮ್ಮನೆಗೂ ಸ್ವಲ್ಪ ಬೇಕಿತ್ತು."

"ಬೇಡ ಸಾಹೇಬ್ರೆ, ಹಾಳಾದದ್ದು ಅದು."

"ಹಾಳಾದದ್ದನ್ನ ಕಾರವಾರಕ್ಕೆ ಕಳ್ಸುದಾ?" ಅಂತ ಕೈ ಚಾಚಿದ್ರು.

ಆ ಹೊತ್ತಿಗೆ ಪುಟ ತೆರ್ಕೊಂಡ್ತು. ಮಗಳು ಫಸ್ಟ್ ಕ್ಲಾಸು. ಆ ಮನುಷ್ಯ ಕುರ್ಚಿಯಿಂದ ಎದ್ದು ಕಂಡಕ್ಟರನ್ನೇ ತಬ್ಬಿಕೊಂಡ್ರು. ನಾ ಪೊಟ್ಟಣ ಕೌಂಟರ್ ಅಡಿಗೆ ಒದ್ದೆ. ಇವತ್ತಿಗೂ ಯಾರದ್ದಾದ್ರೂ ರಿಸಲ್ಟ್ ಬಂತು ಅಂದ್ರೆ ನಂಗೆ ಶೆಟ್ಲಿ ವಾಸನೆ ಬರ್ತದೆ.

ತದಡಿಯ ಅಂಗಡಿ ಫೋನಿಗೆ ಹೇಳಿ ಕಳ್ಸಿದೆ. ಮರುದಿನ ಬೆಳಿಗ್ಗೆ ಅಣ್ಣ ಬಂದ. ಜೊತೆಗೆ ಅತ್ತಿಗೆ. ಕದ್ದು ಮಾರುಕೆ ಕಳ್ಸಿದ ಸಂಗತಿ ಅತ್ತಿಗೆಗೆ ರಾತ್ರಿಯಷ್ಟೇ ಗೊತ್ತಾದದ್ದು. ಇನ್ನೂ ಶಟರ್ ಎತ್ತಿರ್ಲಿಲ್ಲ, ಮೆಟ್ಟಿಲ ಮೇಲೇ ಶುರು ಆತು.

"ಹೊಳೆಗೆ ಬಿಸಾಕುವ," ಅಂದ ಅಣ್ಣ. "ತಾರಿಯಿಂದ ಬಿಟ್ರೆ ಮುಗೀತು."

"ಹೌದೌದು, ಕುದುರೆ ಮುಳುಗ್ತದೆ," ಅಂದ್ಲು ಅತ್ತಿಗೆ. "ಕಂಡಕ್ಟರನ್ನೂ ಮುಳುಗಿಸ್ತ್ರಾ? ಭಟ್ಕಳದಿಂದ ಕಾರವಾರದ ತನಕ ಇವತ್ತು ಕೂಗ್ತಾ ಹೋಗಿರ್ತಾನೆ, ತದಡಿಯವ್ರ ಪೊಟ್ಟಣ ವಾಪಸ್ ಬಂತು ಅಂತ. ನಾಳೆ ಬೋಟಿನ ಮಾಲಕರ ಕಿವಿಗೆ ಬೀಳ್ತದೆ. ನಾಡಿದ್ದು ಫಾರೆಸ್ಟಿನವ್ರಿಗೆ. ಅವ್ರು ಬಂದು ಹಿಡ್ದ್ರೆ ನೀವು ಕಳ್ಳ. ನಾವೇ ಹೋದ್ರೆ ಎಂತದೋ ಒಂದು."

"ಹೋದ್ರೆ ಒಳಗೆ ಹಾಕಿದ್ರೆ?"

"ಹಾಕಿದ್ರೆ ಬುತ್ತಿ ತರ್ತೆ. ನಡೀರಿ."

ನಾನೂ ಹೋದೆ. ಆ ಮೇಲ್‌ಗಳನ್ನ ಪ್ರಿಂಟ್ ತೆಗ್ದು ಇಟ್ಕೊಂಡಿದ್ದೆ. ಅರಣ್ಯ ಇಲಾಖೆ ಆಫೀಸಲ್ಲಿ ವಯಸ್ಸಾದ ಒಬ್ರು ಸಾಹೇಬ್ರು ಇದ್ರು. ಅಣ್ಣ ಟೋಪಿ ಹಿಂಡ್ತಾ ನಿಂತಿದ್ದ. ಅತ್ತಿಗೆ ಪೊಟ್ಟಣ ಮೇಜಿನ ಮೇಲೆ ಇಟ್ಟೇಬಿಟ್ಲು.

"ಸಾಹೇಬ್ರೆ, ಇದು ನಮ್ಮನೆ ಹುಲಿ. ಒಣಗಿದ್ದು. ತಕೊಳ್ಳಿ."

ಸಾಹೇಬ್ರು ಬಿಚ್ಚಿದ್ರು. ಶೆಟ್ಲಿ ಸರಿಸಿದ್ರೆ ಒಳಗೆ ಆ ಕುದುರೆಗಳು. ನಾ ಅಷ್ಟು ಹತ್ರದಿಂದ ನೋಡಿದ್ದು ಆವಾಗ್ಲೇ. ಸುಕ್ಕಿದ ಕುತ್ತಿಗೆ, ಬಗ್ಗಿದ ತಲೆ, ಶಾಲೆಯಲ್ಲಿ ಬೈಸ್ಕೊಂಡ ಮಕ್ಳು ಸಾಲಾಗಿ ನಿಂತ ಹಾಗೆ. ಅವ್ರು ಒಂದನ್ನ ಎತ್ತಿ ಅಂಗೈಯಲ್ಲಿ ಇಟ್ಕೊಂಡ್ರು.

"ಮಾರಿದ್ಯಾ?"

"ಇಲ್ಲ ಸಾಹೇಬ್ರೆ," ಅಣ್ಣನಿಗೆ ಈಗ ಬಾಯಿ ಬಂತು. "ಕಳ್ಸಿದ್ದೆ. ಕಂಡಕ್ಟರ್ ಗುರ್ತು ಹಿಡ್ದು ವಾಪಸ್ ತಂದ."

"ಯಾರು ತಕೊಳ್ಳುವವ?"

ನಾ ಪ್ರಿಂಟ್ ಕೊಟ್ಟೆ. ಅವ್ರು ಕನ್ನಡ್ಕ ಏರಿಸಿ ಓದಿದ್ರು, ಓದಿ ಕಾಗದ ಮಡಚಿದ್ರು. "ಇವನಿಗೆ ಹೆಸರಿಲ್ಲ, ಮುಖ ಇಲ್ಲ. ಇವ ಎಲ್ಲಿದ್ದಾನೆ ಅಂತ ಹುಡ್ಕುಕೆ ನನ್ನ ಹತ್ರ ಬಲೆ ಇಲ್ಲ. ನೀ ಎಲ್ಲಿದ್ದೆ ಅಂತ ಕಂಡಕ್ಟರಿಗೂ ಗೊತ್ತು. ಸಿಕ್ಕಿಬಿದ್ರೆ ಒಳಗೆ ಹೋಗುವವ ಯಾರು ಹೇಳು?"

ಆ ಮೇಲಲ್ಲಿ "ನಮ್ಮನ್ನ ಯಾರೂ ಹುಡ್ಕುಕೆ ಆಗುದಿಲ್ಲ" ಅಂತ ಇತ್ತಲ್ಲ, ಆ "ನಮ್ಮನ್ನ" ಒಳಗೆ ಅಣ್ಣ ಇರ್ಲೇ ಇಲ್ಲ. ನಂಗೆ ಅದು ಹೊಳೆದದ್ದು ಆ ಆಫೀಸಿನ ಬೆಂಚಿನ ಮೇಲೆ ಕೂತಾಗ. ಪರದೆಯ ಆಚೆ ಇದ್ದವನಿಗೆ ಪರದೆ. ನಮ್ಗೆ ಬರೀ ಹಳೇ ಸೀರೆ.

ಸಾಹೇಬ್ರು ಹೇಳಿಕೆ ಬರ್ಸಿಕೊಂಡ್ರು, ಪೊಟ್ಟಣ ಸೀಲ್ ಮಾಡಿದ್ರು. "ಗೊತ್ತಿರ್ಲಿಲ್ಲ ಅಂದ್ರೆ ಕಾನೂನು ಬಿಡುದಿಲ್ಲ ಮಾರಾಯ. ಆದ್ರೆ ಕರೀದೆ ನೀನೇ ಬಂದದ್ದನ್ನೂ ಬರ್ದಿದ್ದೆ. ಮೇಲಿನವ್ರು ಎಂತ ಹೇಳ್ತಾರೆ ನೋಡುವ."

ಆ ಮಳೆಗಾಲ ಹೇಗೆ ಕಳೆದದ್ದು ಕೇಳ್ಬೇಡಿ. ಖಾಕಿ ಬಣ್ಣದ ಕೊಡೆ ದೂರದಲ್ಲಿ ಕಂಡ್ರೂ ಅಣ್ಣ ಹಿತ್ತಲಿಗೆ ಹೋಗ್ತಿದ್ದ. ಅತ್ತಿಗೆ ಮಾತ್ರ, "ಬುತ್ತಿ ಡಬ್ಬಿ ತೊಳ್ದು ಇಟ್ಟಿದ್ದೆ, ಹೆದರ್ಬೇಡಿ" ಅಂತ ಕೆಣಕ್ತಿದ್ಲು. ಬೋಟಿನ ಮಾಲಕರಿಗೆ ಅಣ್ಣನೇ ಹೋಗಿ ಹೇಳ್ದ. ಅದನ್ನೂ ಅತ್ತಿಗೆಯೇ ಮಾಡ್ಸಿದ್ದು. ಅವ್ರು ಪೂರ್ತಿ ಕೇಳಿ, "ಕಾಗದ ಬರ್ಲಿ, ನೋಡುವ" ಅಂದು ಎಲೆಅಡಿಕೆ ಬಾಯಿಗೆ ಹಾಕ್ಕೊಂಡ್ರಂತೆ. ಅಷ್ಟೇ. ಒಂದು ತಿಂಗಳು ನಮ್ಮನೆಯಲ್ಲಿ ಎಲ್ಲರೂ ಆ ಎಲೆಅಡಿಕೆಯ ಅರ್ಥ ಎಂತ ಅಂತ ತಲೆ ಕೆಡ್ಸಿಕೊಂಡ್ರು.

ಬೋಟು ಇಳಿಯುವ ಮುಂಚೆ ಆಫೀಸಿಂದ ಕರೆ ಬಂತು. ಅಣ್ಣ ಬುತ್ತಿ ಡಬ್ಬಿ ಚೀಲದಲ್ಲಿ ಹಾಕ್ಕೊಂಡೇ ಹೋದ, ತಮಾಷೆ ಅಲ್ಲ. ಎಚ್ಚರಿಕೆ ಕೊಟ್ಟು, ಇನ್ನು ಮಾಡುದಿಲ್ಲ ಅಂತ ಬರ್ಸಿಕೊಂಡು ಬಿಟ್ರು. ಮತ್ತೆ ಸಾಹೇಬ್ರು ಒಂದು ಕೆಲಸ ಹಚ್ಚಿದ್ರು. ಕುದುರೆ ಮೀನಿನ ಚಿತ್ರ ಇರುವ ಬೋರ್ಡು ಬಂದರಲ್ಲಿ ಹಾಕುದು, ಅದರ ಮೇಲಿನ ಮಾತು ಬಂದರಿನವ್ರಿಗೆ ತಿಳಿಯುವ ಹಾಗೆ ಇರ್ಬೇಕು, ನೀನೇ ಹೇಳು ಅಂತ. ಅಣ್ಣ ಹೇಳಿದ್ದು ಹೀಗೆ: "ಇದು ಮೀನಲ್ಲ, ಹುಲಿ. ಬಲೆಗೆ ಬಂದ್ರೆ ನೀರಿಗೆ ಬಿಡಿ." ಸಾಹೇಬ್ರು ಮೀನೂ ಹೌದಪ್ಪ ಅಂದ್ರಂತೆ. ಆದ್ರೂ ಬಣ್ಣದಲ್ಲಿ ಹಾಗೇ ಬರ್ಸಿದ್ರು.

ಮಾಲಕರು ಬೋಟಿನ ಕೀಲಿ ಕೊಡುವಾಗ ಹೇಳಿದ್ದು ಇನ್ನೂ ಚಂದ. "ನಿಂಗೆ ಕದ್ದು ಮಾಡುಕೆ ಬರುದಿಲ್ಲ ಅಂತ ಊರಿಗೇ ಗೊತ್ತಾತು. ಡೀಸೆಲ್ ಉಳಿಬೇಕಾದ್ರೆ ಅಂಥ ತಾಂಡೇಲನೇ ಬೇಕು."

ಅಣ್ಣ ಸೆಂಟರಿಗೆ ಮತ್ತೊಂದೇ ಸಲ ಬಂದ. ಆ ಹೆಸರಿಲ್ಲದವ ಮೇಲಿನ ಮೇಲೆ ಮೇಲ್ ಹಾಕಿದ್ದ, ಗೆಳೆಯಾ ಸ್ಯಾಂಪಲ್ ಎಲ್ಲಿ, ಗೆಳೆಯಾ ಯಾಕೆ ಸುಮ್ಮನಿದ್ದೆ. ಅಣ್ಣ ಪರದೆ ಎಳೀಲಿಲ್ಲ. ಪೂರ್ತಿ ತೆರ್ದು ಕೂತು, "ನೀ ಬರಿ, ನಾ ಹೇಳ್ತೆ" ಅಂದ.

"ನಾನು ತದಡಿ ತಾಂಡೇಲ. ಇಂಥವರ ಮಗ, ಇಂಥವಳ ಗಂಡ. ನೀ ಯಾರ ಮಗ? ಯಾವ ಊರು? ನಿಮ್ಮ ಬಂದರು ಯಾವುದು? ಇಷ್ಟು ಹೇಳು, ಮತ್ತೆ ಮಾತಾಡುವ."

ಅಪ್ಪನ ಹೆಸರು, ಅತ್ತಿಗೆ ಹೆಸರು ಎಲ್ಲ ಹಾಕ್ಸಿದ. ಇಂಗ್ಲಿಷ್ ಮಾಡಿ ಕಳ್ಸಿದೆ. ಉತ್ತರ ಬರ್ಲಿಲ್ಲ, ಇವತ್ತಿನ ತನಕ.

ಅಣ್ಣನಿಗೆ ಈಗ ಕೂದಲು ಹಣ್ಣಾಗಿದೆ, ಚುಕ್ಕಾಣಿ ಇನ್ನೂ ಕೈಲೇ ಉಂಟು. ಬಲೆ ಮೇಲೆ ಬಂದ ಕೂಡ್ಲೆ ಅವನದ್ದು ಮೊದಲ ಕೂಗು, "ಹುಲಿ ಉಂಟಾ ನೋಡ್ರೋ." ಜೀವ ಇದ್ರೆ ಅಂಗೈಯಲ್ಲಿ ನೀರು ಹಿಡಿದು ಬಿಡ್ತಾನೆ. ಒಂದೊಂದು ಅವನ ಬೆರಳಿಗೆ ಬಾಲ ಸುತ್ತಿಕೊಂಡು ಬಿಡುದೇ ಇಲ್ವಂತೆ. ಆಗ ಕೈ ನೀರಲ್ಲಿ ಇಳಿಬಿಟ್ಟು, ಅದಾಗೇ ಬಿಡುವ ತನಕ ಕಾಯ್ತಾನೆ. ಖಲಾಸಿಗಳು ನಗಾಡ್ತಾರೆ. ತಾಂಡೇಲ ಅಲ್ದಾ, ಎಂತ ಹೇಳುಕೂ ಆಗುದಿಲ್ಲ.

ಈಗ ನಿಮ್ಮ ಸರದಿ. ಪರದೆ ಹಿಂದೆ ಕೂತು ನೀವು ಎಂತ ಮಾಡುಕೆ ಹೋಗಿದ್ರಿ, ಯಾರು ಕಂಡುಹಿಡ್ದ್ರು? ನಿಮ್ಮೂರ ಬಸ್ಸಲ್ಲಿ ಹೆಸರಿಲ್ದೆ ಎಂತೆಂತ ಹೋಗ್ತಿತ್ತು, ಎಂತ ವಾಪಸ್ ಬಂತು? ಕೆಳಗೆ ಬರೀರಿ, ಒಂದು ಸಾಲಾದ್ರೂ ಸಾಕು. ಹೆಸರು ಮುಚ್ಕೊಂಡು ಬರೆದ್ರೂ ಅಡ್ಡಿಲ್ಲ. ಯಾರ ಮನೆಯವ್ರು ಅಂತ ನಂಗೆ ಹೇಗೂ ಗೊತ್ತಾಗ್ತದೆ.